ಬಣ್ಣದ ಬೆಲೆ ಲೀಟರಿನಲ್ಲಲ್ಲ, ಚದರ ಅಡಿಯಲ್ಲಿ

ಬೆಂಗಳೂರಿನ ಪೂರ್ವ ಭಾಗದಲ್ಲಿ ಮಹದೇವಪುರದಷ್ಟು ಶೀಘ್ರವಾಗಿ ರೂಪಾಂತರಗೊಂಡ ಪ್ರದೇಶಗಳು ವಿರಳ. ನಗರಸಭೆಯ ಆಡಳಿತಕ್ಕೆ ಒಳಪಟ್ಟಿದ್ದ ಈ ಪ್ರದೇಶ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. 2025ರ ಸೆಪ್ಟೆಂಬರ್‌ನಲ್ಲಿ ನಗರಾಡಳಿತವನ್ನು ಐದು ಪಾಲಿಕೆಗಳಾಗಿ ವಿಂಗಡಿಸಿದಾಗ ಕೆ.ಆರ್. ಪುರದೊಡನೆ ಬೆಂಗಳೂರು ಪೂರ್ವ ನಗರ ಪಾಲಿಕೆಯ ವ್ಯಾಪ್ತಿಗೆ ಬಂದಿತು. ಇದರ ನಡುವೆ 2023ರಲ್ಲಿ ನೇರಳೆ ಮಾರ್ಗದ ಮೆಟ್ರೊ ರೈಲು ವೈಟ್‌ಫೀಲ್ಡ್‌ವರೆಗೆ ಓಡತೊಡಗಿತು. ಈ ಎರಡು ದಶಕಗಳಲ್ಲಿ ಹೂಡಿ, ಗರುಡಾಚಾರ್ ಪಾಳ್ಯ, ದೊಡ್ಡನೆಕ್ಕುಂದಿಗಳಲ್ಲಿ ಎದ್ದು ನಿಂತ ಸಾವಿರಾರು ಮನೆಗಳು ಈಗ ಎರಡನೆಯ ಅಥವಾ ಮೂರನೆಯ ಬಾರಿಗೆ ಬಣ್ಣ ಬೇಡುವ ವಯಸ್ಸಿಗೆ ಬಂದಿವೆ. ಮೆಟ್ರೊ ಕಾಮಗಾರಿಯ ಧೂಳು, ಹೊರವರ್ತುಲ ರಸ್ತೆಯ ವಾಹನಗಳ ಹೊಗೆ, 2022ರ ಸೆಪ್ಟೆಂಬರ್ ಮಳೆಯಲ್ಲಿ ಅನೇಕ ಬಡಾವಣೆಗಳಿಗೆ ನುಗ್ಗಿದ ನೀರು, ಇವೆಲ್ಲವೂ ಗೋಡೆಗಳ ಮೇಲೆ ತಮ್ಮ ಗುರುತನ್ನು ಬಿಟ್ಟಿವೆ.

ಹೀಗಾಗಿ ಈ ಭಾಗದ ಹಾರ್ಡ್‌ವೇರ್ ಮತ್ತು ಪೇಂಟ್ ಅಂಗಡಿಗಳ ವಹಿವಾಟಿನಲ್ಲಿ ಮನೆ ನವೀಕರಣದ ಪಾಲು ಗಣನೀಯವಾಗಿದೆ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಕಟ್ಟುವ ಕಷ್ಟವನ್ನು ಹೇಳುತ್ತದೆ. ಕಟ್ಟಿದ ಮನೆಯನ್ನು ಕಾಪಾಡಿಕೊಳ್ಳುವ ಖರ್ಚು ಮಾತ್ರ ಪ್ರತಿ ನಾಲ್ಕೈದು ವರ್ಷಕ್ಕೊಮ್ಮೆ ಎದುರಾಗುತ್ತಲೇ ಇರುತ್ತದೆ. ಆ ಖರ್ಚಿನಲ್ಲಿ ಬಣ್ಣದ್ದೇ ದೊಡ್ಡ ಬಾಬ್ತು. ಆದರೂ ಸಾಮಾನ್ಯ ಗ್ರಾಹಕನು ಅತ್ಯಂತ ಕಡಿಮೆ ಮಾಹಿತಿಯೊಡನೆ ಕೊಳ್ಳುವ ವಸ್ತುಗಳಲ್ಲಿ ಬಣ್ಣವೂ ಒಂದು. ಅಂಗಡಿಯ ಮುಂದೆ ನಿಂತ ಗ್ರಾಹಕನ ಮೊದಲ ಪ್ರಶ್ನೆ “ಲೀಟರಿಗೆ ಎಷ್ಟು?” ಎಂಬುದು. ವರ್ತಕರು ಅದಕ್ಕೆ ಉತ್ತರಿಸುತ್ತಾರೆ, ವ್ಯಾಪಾರ ಅಲ್ಲಿಗೆ ತೀರ್ಮಾನವಾಗುತ್ತದೆ. ಈ ಪ್ರಶ್ನೆಯೇ ತಪ್ಪು ಪ್ರಶ್ನೆ. ಅದನ್ನು ಸರಿಪಡಿಸುವ ಹೊಣೆ ಗ್ರಾಹಕನಿಗಿಂತ ಹೆಚ್ಚಾಗಿ ವರ್ತಕರದು ಮತ್ತು ತಯಾರಕರದು. ಹಾಗೆ ಮಾಡುವುದರಲ್ಲಿ ಅವರ ಹಿತವೂ ಅಡಗಿದೆ.

ಲೀಟರಿನ ಲೆಕ್ಕ ಏಕೆ ದಾರಿ ತಪ್ಪಿಸುತ್ತದೆ?

ಮಾರುಕಟ್ಟೆಯಲ್ಲಿ ಡಿಸ್ಟೆಂಪರ್ ಕಿಲೋ ಲೆಕ್ಕದಲ್ಲಿ ದೊರೆಯುತ್ತದೆ, ಎಮಲ್ಷನ್ ಲೀಟರ್ ಲೆಕ್ಕದಲ್ಲಿ, ಪುಟ್ಟಿ ಚೀಲದ ಲೆಕ್ಕದಲ್ಲಿ. ಯಂತ್ರದಲ್ಲಿ ಬಣ್ಣ ಬೆರೆಸಿಕೊಡುವ ‘ಬೇಸ್’ ಡಬ್ಬಿಗಳಲ್ಲಿ ವರ್ಣದ್ರವ್ಯಕ್ಕೆ ಸ್ಥಳವಿರಲೆಂದು 20 ಲೀಟರಿನ ಬದಲು 18 ಲೀಟರ್, 10ರ ಬದಲು 9 ಲೀಟರ್ ಎಂಬಂತೆ ತುಂಬಿರುವುದುಂಟು. ಇಂತಹ ಸರಕುಗಳ ಬೆಲೆಯನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಹೋಲಿಸುವುದೇ ಅಸಾಧ್ಯ. ಪೊಟ್ಟಣ ಸರಕುಗಳ ಕಾನೂನುಮಾಪನ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯು ಡಬ್ಬಿಯ ಮೇಲೆ ಗರಿಷ್ಠ ಮಾರಾಟ ಬೆಲೆಯ ಜೊತೆಗೆ ಪ್ರತಿ ಲೀಟರಿನ ಅಥವಾ ಕಿಲೋದ ಬೆಲೆಯನ್ನೂ ನಮೂದಿಸಲು ಸೂಚಿಸಿತು. ಅಡುಗೆ ಎಣ್ಣೆಯಂತಹ ಸರಕಿಗೆ ಇದು ಉಪಯುಕ್ತ ಕ್ರಮ. ಬಣ್ಣಕ್ಕೆ ಇಷ್ಟೇ ಸಾಲದು. ಏಕೆಂದರೆ ಗ್ರಾಹಕನಿಗೆ ಬೇಕಾಗಿರುವುದು ದ್ರವವಲ್ಲ, ಗೋಡೆಯ ಮೇಲೆ ಒಣಗಿ ಉಳಿಯುವ ಪದರ.

ಬಣ್ಣದ ಡಬ್ಬಿಯಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಪದಾರ್ಥಗಳಿರುತ್ತವೆ. ಗೋಡೆಯನ್ನು ಮರೆಮಾಡುವ ಶಕ್ತಿ ಕೊಡುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ವರ್ಣದ್ರವ್ಯ. ಎಲ್ಲವನ್ನೂ ಹಿಡಿದಿಟ್ಟು ಗೋಡೆಗೆ ಅಂಟಿಸುವುದು ಅಕ್ರಿಲಿಕ್ ರಾಳದಂತಹ ಬೈಂಡರ್. ಗಾತ್ರ ತುಂಬಲು ಸೀಮೆಸುಣ್ಣದ ಪುಡಿ, ಜೇಡಿ, ಟಾಲ್ಕ್‌ಗಳಂತಹ ಖನಿಜಗಳನ್ನು ಸೇರಿಸಲಾಗುತ್ತದೆ. ಉಳಿದುದು ನೀರು ಮತ್ತು ಅಲ್ಪ ಪ್ರಮಾಣದ ಇತರ ರಾಸಾಯನಿಕಗಳು. ಇವುಗಳಲ್ಲಿ ದುಬಾರಿಯಾದವು ಮೊದಲ ಎರಡು. ಬೆಲೆ ಇಳಿಸಬೇಕಾದಾಗ ಕಡಿಮೆಯಾಗುವುದೂ ಅವೇ, ಹೆಚ್ಚುವುದು ಖನಿಜದ ಪುಡಿ ಮತ್ತು ನೀರು. ಹಾಗೆ ತಯಾರಾದ ಬಣ್ಣವೂ ಹೊಸತರಲ್ಲಿ ಬೆಳ್ಳಗೆ, ಚೊಕ್ಕಟವಾಗಿ ಕಾಣುತ್ತದೆ. ಒಂದೆರಡು ಮಳೆಗಾಲ ಕಳೆದ ಮೇಲೆ ಗೋಡೆಯನ್ನು ಸವರಿದರೆ ಅಂಗೈಗೆ ಬಿಳಿ ಪುಡಿ ಮೆತ್ತಿಕೊಳ್ಳುತ್ತದೆ. ಬೈಂಡರ್ ಸಾಲದಿರುವುದರ ಸ್ಪಷ್ಟ ಲಕ್ಷಣ ಇದು. ‘ಮೇಲೆಲ್ಲಾ ತಳುಕು, ಒಳಗೆಲ್ಲಾ ಹುಳುಕು’ ಎಂಬ ಮಾತು ಇಂತಹ ಬಣ್ಣಕ್ಕೆ ಅಕ್ಷರಶಃ ಅನ್ವಯಿಸುತ್ತದೆ. ಡಬ್ಬಿಯ ತೂಕ ನೋಡಿ ಗುಣಮಟ್ಟ ಅಳೆಯುವವರೂ ಇದ್ದಾರೆ. ಖನಿಜದ ಪುಡಿಯೂ ಭಾರವಾದ ಪದಾರ್ಥವಾದ್ದರಿಂದ ಆ ಪರೀಕ್ಷೆಯನ್ನು ನಂಬಲಾಗದು.

ಒಣಗಿದ ಮೇಲೆ ಉಳಿಯುವ ಘನಪದಾರ್ಥ ಗಾತ್ರದಲ್ಲಿ ಶೇಕಡಾ ಎಷ್ಟು ಎಂಬುದೊಂದು ತಿಳಿದರೆ ಲೆಕ್ಕ ಸುಲಭವಾಗುತ್ತದೆ. ಶೇ. 40ರಷ್ಟು ಘನಾಂಶವಿರುವ ಒಂದು ಲೀಟರ್ ಬಣ್ಣ, 40 ಮೈಕ್ರಾನ್ ದಪ್ಪದ ಒಣ ಪದರವಾಗಿ ಸಿದ್ಧಾಂತದ ಪ್ರಕಾರ 10 ಚದರ ಮೀಟರ್, ಅಂದರೆ ಸುಮಾರು 107 ಚದರ ಅಡಿ ವ್ಯಾಪಿಸುತ್ತದೆ. ಘನಾಂಶ ಶೇ. 25 ಇದ್ದರೆ ಅದೇ ದಪ್ಪಕ್ಕೆ ಆರೂಕಾಲು ಚದರ ಮೀಟರ್ ಮಾತ್ರ. ತೆಳುವಾಗಿ ಎಳೆದರೆ ಹೆಚ್ಚು ಜಾಗ ಮುಚ್ಚಬಹುದು, ಆದರೆ ಪದರದ ಬಾಳಿಕೆ ಅಷ್ಟೇ ಕುಗ್ಗುತ್ತದೆ. ಮಾರಾಟ ಕರಪತ್ರಗಳಲ್ಲಿ ಕಾಣುವ ದೊಡ್ಡ ಸಂಖ್ಯೆಗಳು ಬಹಳಷ್ಟು ಸಲ ನಯವಾದ ಮೇಲ್ಮೈಯಲ್ಲಿ ಒಂದೇ ಕೋಟಿಗೆ ಸಂಬಂಧಿಸಿದವು. ಗ್ರಾಹಕನ ಗೋಡೆಗೆ ಬೇಕಾಗುವುದು ಎರಡು ಕೋಟು.

ಒಂದು ಮನೆಯ ಲೆಕ್ಕ

ಲೆಕ್ಕದ ವಿಧಾನವನ್ನು ತಿಳಿಯಲು ಮೂವತ್ತು–ನಲವತ್ತರ ನಿವೇಶನದಲ್ಲಿರುವ, 3,000 ಚದರ ಅಡಿ ಹೊರಗೋಡೆಯ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಸಾರವೆ ಕಟ್ಟುವುದು, ಹಳೆಯ ಬಣ್ಣ ಕೆರೆಯುವುದು, ಪ್ರೈಮರ್ ಮತ್ತು ಕೂಲಿ ಸೇರಿ ಚದರ ಅಡಿಗೆ 12 ರೂಪಾಯಿ ಎಂದಿಟ್ಟುಕೊಂಡರೆ ಅದೇ 36,000 ರೂಪಾಯಿ. ಮೊದಲನೆಯ ಬಣ್ಣ ಲೀಟರಿಗೆ 200 ರೂಪಾಯಿಯದು, ಎರಡು ಕೋಟಿಗೆ ಲೀಟರಿಗೆ 40 ಚದರ ಅಡಿ ಬರುತ್ತದೆ. 75 ಲೀಟರಿಗೆ 15,000 ರೂಪಾಯಿ. ಎರಡನೆಯದು ಲೀಟರಿಗೆ 420 ರೂಪಾಯಿಯದು, 60 ಚದರ ಅಡಿ ಬರುತ್ತದೆ. 50 ಲೀಟರಿಗೆ 21,000 ರೂಪಾಯಿ. ಒಟ್ಟು ಖರ್ಚು ಕ್ರಮವಾಗಿ 51,000 ಮತ್ತು 57,000 ರೂಪಾಯಿ. ಲೀಟರಿನ ಬೆಲೆಯಲ್ಲಿ ದುಪ್ಪಟ್ಟಿಗೂ ಮೀರಿ ಅಂತರವಿದ್ದರೂ ಕೆಲಸ ಮುಗಿದಾಗ ಉಳಿಯುವ ವ್ಯತ್ಯಾಸ 6,000 ರೂಪಾಯಿ, ಅಂದರೆ ಶೇ. 12ಕ್ಕೂ ಕಡಿಮೆ.

ಮೊದಲನೆಯದು ಮೂರು ವರ್ಷ, ಎರಡನೆಯದು ಆರು ವರ್ಷ ಬಾಳಿದರೆ ವಾರ್ಷಿಕ ವೆಚ್ಚ 17,000 ಮತ್ತು 9,500 ರೂಪಾಯಿ ಆಗುತ್ತದೆ. ದುಬಾರಿ ಬಣ್ಣವು ಅಷ್ಟು ಬಾಳದು ಎಂದು ಸಂಶಯಿಸುವವರಿಗೂ ಉತ್ತರವಿದೆ. ಅಗ್ಗದ ಬಣ್ಣ ಮೂರು ವರ್ಷ ಬಂದರೆ, ಎರಡನೆಯದು ಮೂರು ವರ್ಷ ನಾಲ್ಕು ತಿಂಗಳಿಗಿಂತ ತುಸು ಹೆಚ್ಚು ಬಾಳಿದರೂ ಹಣ ಸರಿಹೋಗುತ್ತದೆ. ಅದರ ಮುಂದಿನ ಪ್ರತಿ ತಿಂಗಳೂ ಲಾಭವೇ. ಇಲ್ಲಿನ ದರಗಳು ಉದಾಹರಣೆಗಾಗಿ ಇಟ್ಟುಕೊಂಡವು. ಪ್ರತಿಯೊಬ್ಬ ವರ್ತಕರೂ ತಮ್ಮ ಅಂಗಡಿಯ ದರ, ತಮ್ಮ ಬಡಾವಣೆಯ ಕೂಲಿಯನ್ನು ಹಾಕಿ ಇದೇ ಲೆಕ್ಕವನ್ನು ಮಾಡಬಹುದು. ನವೀಕರಣದಲ್ಲಿ ಕೂಲಿಯ ಪಾಲು ಬಣ್ಣದ ಪಾಲಿಗಿಂತ ಹೆಚ್ಚಾಗಿರುವ ತನಕ, ಕೂಲಿಯನ್ನು ಬೇಗ ಬೇಗ ತೆರುವಂತೆ ಮಾಡುವ ಬಣ್ಣ ಅಗ್ಗದ್ದಾಗಲಾರದು.

ಅಗ್ಗದ ಬಣ್ಣವೇ ಸರಿಯಾದ ಸಂದರ್ಭ

ಇದರ ಅರ್ಥ ಎಲ್ಲರಿಗೂ ದುಬಾರಿ ಡಬ್ಬಿಯನ್ನೇ ಕೊಡಬೇಕೆಂದಲ್ಲ. ಮಹದೇವಪುರ ಬಾಡಿಗೆ ಮನೆಗಳ ಪ್ರದೇಶ. ಬಾಡಿಗೆದಾರರು ಮನೆ ಖಾಲಿ ಮಾಡುವಾಗ ಬಣ್ಣದ ಖರ್ಚೆಂದು ಮುಂಗಡದ ಹಣದಲ್ಲಿ ಒಂದು ತಿಂಗಳ ಬಾಡಿಗೆಯಷ್ಟನ್ನು ಹಿಡಿದುಕೊಳ್ಳುವುದು ಬೆಂಗಳೂರಿನಲ್ಲಿ ರೂಢಿ. ಎರಡು ವರ್ಷಕ್ಕೊಮ್ಮೆ ಹೇಗೂ ಬಣ್ಣ ಬಳಿಯಬೇಕಾದ ಒಳಗೋಡೆಗೆ ಹತ್ತು ವರ್ಷ ಬಾಳುವ ಬಣ್ಣ ಕೊಡುವುದು ವ್ಯರ್ಥ. ಒಳಗೋಡೆ 1,800 ಚದರ ಅಡಿ ಇದ್ದು, ಕೂಲಿ ಚದರ ಅಡಿಗೆ 7 ರೂಪಾಯಿ ಎಂದು ಭಾವಿಸಿದರೆ, 2 ರೂಪಾಯಿಯ ಡಿಸ್ಟೆಂಪರಿನೊಡನೆ ಒಟ್ಟು 16,200 ರೂಪಾಯಿ, ಅಂದರೆ ವರ್ಷಕ್ಕೆ 8,100 ಆಗುತ್ತದೆ. 7 ರೂಪಾಯಿಯ ಉತ್ಕೃಷ್ಟ ಎಮಲ್ಷನ್‌ಗೆ 25,200 ರೂಪಾಯಿ, ವರ್ಷಕ್ಕೆ 12,600. ಇಲ್ಲಿ ಡಿಸ್ಟೆಂಪರ್ ಗೆಲ್ಲುತ್ತದೆ.

ಆದರೆ ಮೂರನೆಯ ದಾರಿಯೊಂದಿದೆ. ಒದ್ದೆ ಬಟ್ಟೆಯಿಂದ ಒರೆಸಬಹುದಾದ ಮಧ್ಯಮ ದರ್ಜೆಯ ಎಮಲ್ಷನ್‌ಗೆ ಚದರ ಅಡಿಗೆ 4 ರೂಪಾಯಿ ತಗಲುತ್ತದೆ ಎನ್ನೋಣ. ಒಟ್ಟು 19,800 ರೂಪಾಯಿ. ಮೊದಲ ಬಾಡಿಗೆದಾರ ಹೋದಾಗ ಗೋಡೆಯನ್ನು ಒರೆಸಿ, ಅಲ್ಲಲ್ಲಿ ತಿದ್ದಿ, ನಾಲ್ಕು ವರ್ಷ ಬಳಸಲು ಸಾಧ್ಯವಾದರೆ ವರ್ಷಕ್ಕೆ 4,950 ರೂಪಾಯಿ ಮಾತ್ರ. ಜೊತೆಗೆ, ಡಿಸ್ಟೆಂಪರ್ ಬಳಿದ ಗೋಡೆಗೆ ಮುಂದೆ ಎಮಲ್ಷನ್ ಹಾಕಬೇಕಾದರೆ ಹಳೆಯದನ್ನು ಪೂರ್ಣವಾಗಿ ಕೆರೆದು ತೆಗೆಯಬೇಕಾಗುತ್ತದೆ. ಆ ಕೂಲಿಯನ್ನು ಯಾರೂ ಮೊದಲೇ ಎಣಿಸುವುದಿಲ್ಲ. ಗ್ರಾಹಕನು ಮನೆಯಲ್ಲಿ ತಾನೇ ವಾಸಿಸುವನೋ, ಬಾಡಿಗೆಗೆ ಕೊಡುವನೋ, ಎಷ್ಟು ವರ್ಷಕ್ಕೊಮ್ಮೆ ಬಣ್ಣ ಮಾಡಿಸುವನೋ ಎಂಬುದನ್ನು ವಿಚಾರಿಸದೆ ಡಬ್ಬಿ ಕೊಡುವ ವರ್ತಕನು ಔಷಧಿ ಕೊಡುವ ಮುನ್ನ ರೋಗ ವಿಚಾರಿಸದ ವೈದ್ಯನಂತೆ.

ವರ್ಣದ ಆಯ್ಕೆಯಲ್ಲೂ ಉಳಿತಾಯವಿದೆ. ಹಿಂದಿನವರು ಸುಣ್ಣದ ಗೋಡೆಗೆ ಕಾವಿಯ ಪಟ್ಟೆ ಎಳೆಯುತ್ತಿದ್ದುದು ಸೊಗಸಿಗೆ ಮಾತ್ರವಲ್ಲ. ಕಾವಿ, ಹಳದಿ ಮಣ್ಣಿನಂತಹ ಕಬ್ಬಿಣದ ಆಕ್ಸೈಡ್ ವರ್ಣಗಳು ಬಿಸಿಲಿಗೆ ಬೇಗ ಮಾಸುವುದಿಲ್ಲ, ಬೆಲೆಯೂ ಕಡಿಮೆ. ಕಡು ಕೆಂಪು, ಉಜ್ವಲ ಹಳದಿ, ನೇರಳೆಗಳಂತಹ ವರ್ಣಗಳಿಗೆ ಹೆಚ್ಚು ವರ್ಣದ್ರವ್ಯ ಬೇಕು. ಅವುಗಳಲ್ಲಿ ಹಲವು ಪಶ್ಚಿಮದ ಬಿಸಿಲಿಗೆ ತೆರೆದ ಗೋಡೆಯಲ್ಲಿ ಬೇಗನೆ ಕಳೆಗುಂದುತ್ತವೆ. ಹೊರಗೋಡೆಗೆ ತಿಳಿಯಾದ, ಮಣ್ಣಿನ ಛಾಯೆಯ ಬಣ್ಣಗಳನ್ನು ಸೂಚಿಸುವುದು ಗ್ರಾಹಕನ ಹಣ ಉಳಿಸುವ ನೇರ ಮಾರ್ಗ.

ಮೊದಲು ಗೋಡೆ, ಅನಂತರ ಬಣ್ಣ

ಎಷ್ಟೇ ಉತ್ತಮ ಬಣ್ಣವಾದರೂ ಒದ್ದೆ ಗೋಡೆಯ ಮೇಲೆ ನಿಲ್ಲದು. ಈ ಪ್ರದೇಶದ ಬಹುಪಾಲು ಮನೆಗಳು ಕೊಳವೆಬಾವಿ ಮತ್ತು ಟ್ಯಾಂಕರ್ ನೀರನ್ನು ನಂಬಿ ನಿರ್ಮಾಣವಾದವು. ನಗರದ ಅಂಚಿನ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾದುದು 2024ರ ಅಕ್ಟೋಬರ್‌ನಲ್ಲಿ. ಲವಣಾಂಶ ಹೆಚ್ಚಿರುವ ನೀರಿನಿಂದ ಕಲಸಿದ ಗಾರೆಯೊಳಗಿನ ಉಪ್ಪು ತೇವದೊಡನೆ ಹೊರಬಂದು ಬಿಳಿ ಪುಡಿಯಾಗಿ ಕಾಣಿಸಿಕೊಂಡು ಬಣ್ಣವನ್ನು ಒಳಗಿನಿಂದಲೇ ಎಬ್ಬಿಸುತ್ತದೆ. ತಾರಸಿಯ ಬಿರುಕು, ಪ್ಯಾರಪೆಟ್ ಗೋಡೆಯ ತಲೆ, ಸ್ನಾನಗೃಹದ ಕೊಳವೆಯ ಸೋರಿಕೆ, ನೆಲದಿಂದ ಏರುವ ತೇವ, ಇವುಗಳಲ್ಲಿ ಯಾವುದು ಕಾರಣವೆಂದು ಪತ್ತೆಹಚ್ಚದೆ ‘ಡ್ಯಾಂಪ್‌ಪ್ರೂಫ್’ ಎಂಬ ಹೆಸರಿನ ಡಬ್ಬಿಯನ್ನು ಮಾರುವುದರಿಂದ ಆ ದಿನದ ವ್ಯಾಪಾರ ನಡೆಯಬಹುದು. ಮುಂದಿನ ಮಳೆಗಾಲದ ನಂತರ ಬರುವುದು ದೂರು.

ಕೆಲಸದ ಕ್ರಮ ಕಠಿಣವೇನಲ್ಲ. ಸೋರಿಕೆ ನಿಲ್ಲಿಸಬೇಕು, ಗೋಡೆ ಒಣಗಲು ಬಿಡಬೇಕು, ಸಡಿಲ ಪದರವನ್ನು ಕೆರೆದು ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ಅನಂತರ ಅಗತ್ಯವಿದ್ದಲ್ಲಿ ಪುಟ್ಟಿ, ಕ್ಷಾರವನ್ನು ತಾಳುವ ಪ್ರೈಮರ್, ಕೊನೆಗೆ ಎರಡು ಕೋಟು ಬಣ್ಣ. ಹೊಸ ಗಾರೆಗೆ ಕನಿಷ್ಠ 28 ದಿನಗಳ ಕಾಲಾವಕಾಶ ಕೊಡಬೇಕು. ಒಳಗೋಡೆಗೆಂದು ತಯಾರಾದ ಅಕ್ರಿಲಿಕ್ ಪುಟ್ಟಿಯನ್ನು ಹೊರಗೋಡೆಗೆ ಬಳಸಬಾರದು. ಡಬ್ಬಿಯ ಮೇಲೆ ಸೂಚಿಸಿದ ಪ್ರಮಾಣಕ್ಕಿಂತ ಹೆಚ್ಚು ನೀರು ಬೆರೆಸಬಾರದು. ಹಬ್ಬದ ಸಂಭ್ರಮಕ್ಕೆಂದು ದಸರಾ, ದೀಪಾವಳಿಗಳ ಮುನ್ನ ಬಣ್ಣ ಮಾಡಿಸುವ ರೂಢಿಯಿದ್ದರೂ ಬೆಂಗಳೂರಿಗೆ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿಯೇ. ಒಳಗೋಡೆಯ ಕೆಲಸವನ್ನು ಹಬ್ಬಕ್ಕೆ ಮುಗಿಸಿ ಹೊರಗೋಡೆಯನ್ನು ಡಿಸೆಂಬರ್‌ನಿಂದ ಯುಗಾದಿಯೊಳಗೆ ಮಾಡಿಸುವಂತೆ ಸಲಹೆ ನೀಡಿದರೆ ಗ್ರಾಹಕನ ಗೋಡೆಯೂ ಉಳಿಯುತ್ತದೆ, ವರ್ತಕನ ವ್ಯಾಪಾರವೂ ಒಂದೇ ಋತುವಿನಲ್ಲಿ ಕಿಕ್ಕಿರಿಯದೆ ವರ್ಷವಿಡೀ ಹರಡಿಕೊಳ್ಳುತ್ತದೆ.

ಸೀಸದ ವಿಷಯದಲ್ಲಿ ರಿಯಾಯಿತಿ ಇಲ್ಲ

ಬೆಲೆಯ ಬಗ್ಗೆ ಎಷ್ಟಾದರೂ ಚೌಕಾಸಿ ನಡೆಯಬಹುದು, ಆರೋಗ್ಯದ ಬಗ್ಗೆ ಸಲ್ಲದು. ಗೃಹಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ದಶಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸುವ ನಿಯಮಗಳನ್ನು ಕೇಂದ್ರ ಸರ್ಕಾರ 2016ರ ನವೆಂಬರ್‌ನಲ್ಲಿ ಪ್ರಕಟಿಸಿತು. 2017ರ ನವೆಂಬರ್ 1ರಿಂದ ಅವು ಜಾರಿಯಲ್ಲಿವೆ. ಈ ವಿಚಾರದಲ್ಲಿ ದೇಶವನ್ನು ಎಚ್ಚರಿಸಿದವರಲ್ಲಿ ಬೆಂಗಳೂರಿನ ಪಾತ್ರ ಹಿರಿದು. ಸೀಸದ ವಿಷಬಾಧೆಯನ್ನು ಕುರಿತ ಅಂತಾರಾಷ್ಟ್ರೀಯ ಸಮ್ಮೇಳನ 1999ರಲ್ಲಿ ನಡೆದುದು ಇಲ್ಲಿಯೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ಅಪಾಯದ ಕುರಿತು ದೀರ್ಘಕಾಲ ಜಾಗೃತಿ ಮೂಡಿಸಿದರು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾಡುವ ಹಾನಿಯನ್ನು ಅನಂತರ ಸರಿಪಡಿಸಲಾಗದು.

ಗೋಡೆಯ ಎಮಲ್ಷನ್‌ಗಿಂತ ಬಾಗಿಲು, ಕಿಟಕಿ, ಗ್ರಿಲ್‌ಗಳಿಗೆ ಬಳಿಯುವ ಎನಾಮೆಲ್‌ಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಕಿತ್ತಳೆ ಬಣ್ಣಗಳಲ್ಲಿ ಈ ಅಪಾಯ ಹೆಚ್ಚು. ನಿಯಮ ಬರುವ ಮುನ್ನ ಬಳಿದ ಬಣ್ಣವಿರುವ ಮನೆಗಳನ್ನು ನವೀಕರಿಸುವಾಗ ಒಣ ಉಜ್ಜುಕಾಗದದಿಂದ ತಿಕ್ಕಿದರೆ ಏಳುವ ಧೂಳು ಕೆಲಸಗಾರನಿಗೂ ಮನೆಯ ಮಕ್ಕಳಿಗೂ ಮಾರಕ. ನೀರು ಹಾಕಿ ಉಜ್ಜಬೇಕು, ಕೆರೆದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಸೀಸದ ಪ್ರಮಾಣದ ಘೋಷಣೆ ಡಬ್ಬಿಯ ಮೇಲಿಲ್ಲದ ಎನಾಮೆಲ್ಲನ್ನು ಎಷ್ಟೇ ಲಾಭವಿದ್ದರೂ ದಾಸ್ತಾನು ಮಾಡದಿರುವುದು ವರ್ತಕರ ಕನಿಷ್ಠ ಕರ್ತವ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೋಷಪೂರಿತ ಉತ್ಪನ್ನದಿಂದಾದ ಹಾನಿಗೆ ತಯಾರಕರನ್ನಷ್ಟೇ ಅಲ್ಲ, ಕೆಲವು ಸಂದರ್ಭಗಳಲ್ಲಿ ಮಾರಾಟಗಾರರನ್ನೂ ಹೊಣೆಯಾಗಿಸುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಡಬ್ಬಿಯೊಳಗಿನ ಟೋಕನ್

ಮನೆಯ ಯಜಮಾನನು ಹಣ ಕೊಟ್ಟರೂ ಯಾವ ಬಣ್ಣವೆಂದು ತೀರ್ಮಾನಿಸುವವನು ಬಹುತೇಕ ಸಂದರ್ಭಗಳಲ್ಲಿ ಪೇಂಟರ್ ಮೇಸ್ತ್ರಿ. ಅವನ ಒಲವನ್ನು ಗಳಿಸಲು ಡಬ್ಬಿಯೊಳಗೆ ಹಣದ ಟೋಕನ್ ಇಡುವ ಪದ್ಧತಿ ಈ ಉದ್ಯಮದಲ್ಲಿ ಬಹಳ ಕಾಲದಿಂದ ಬೇರೂರಿದೆ. ಇತ್ತೀಚೆಗೆ ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡುವ ಅಂಕಗಳ ರೂಪವನ್ನೂ ಅದು ತಾಳಿದೆ. ಕುಶಲ ಕೆಲಸಗಾರನಿಗೆ ಪ್ರೋತ್ಸಾಹಧನ ಸಿಗುವುದು ತಪ್ಪಲ್ಲ. ಆದರೆ ಆ ಹಣ ಗ್ರಾಹಕನ ಜೇಬಿನಿಂದಲೇ ಹೋಗುತ್ತದೆ, ಅವನಿಗೆ ಮಾತ್ರ ತಿಳಿಯುವುದಿಲ್ಲ. ಟೋಕನ್ ದೊಡ್ಡದಿರುವ ಬಣ್ಣವೇ ಶಿಫಾರಸಾಗುವುದರಿಂದ ಉತ್ತಮ ಸರಕು ತಯಾರಿಸಿಯೂ ಟೋಕನ್ ಇಡಲಾಗದ ಸಣ್ಣ ಘಟಕವು ಸ್ಪರ್ಧೆಯಿಂದ ಹೊರಗುಳಿಯುತ್ತದೆ. ಕೂಲಿ ಮತ್ತು ಸಾಮಗ್ರಿ ಎರಡನ್ನೂ ಸೇರಿಸಿ ಚದರ ಅಡಿಯ ಗುತ್ತಿಗೆ ಕೊಡುವ ಪದ್ಧತಿಯಲ್ಲಿ ಇನ್ನೊಂದು ತೊಡಕಿದೆ. ಬಣ್ಣಕ್ಕೆ ನೀರು ಹೆಚ್ಚಿದಷ್ಟೂ ಗುತ್ತಿಗೆದಾರನಿಗೆ ಲಾಭ. ಕೂಲಿಯ ಗುತ್ತಿಗೆಯನ್ನು ಬೇರೆ, ಸಾಮಗ್ರಿಯ ಬಿಲ್ಲನ್ನು ಬೇರೆ ಮಾಡಿಸಿಕೊಳ್ಳುವಂತೆ ಗ್ರಾಹಕನಿಗೆ ತಿಳಿಹೇಳುವುದು ಅಂಗಡಿಯ ಹಿತಕ್ಕೂ ಪೂರಕ. ಬಿಲ್ಲಿಲ್ಲದೆ ಕೊಂಡ ಬಣ್ಣಕ್ಕೆ ವಾರಂಟಿಯೂ ಇಲ್ಲ, ದೂರಿಗೆ ಆಧಾರವೂ ಇಲ್ಲ. ಜಿಎಸ್‌ಟಿ ಜಾರಿಗೆ ಬಂದಾಗ ಬಣ್ಣಗಳ ಮೇಲಿದ್ದ ಶೇ. 28ರ ತೆರಿಗೆ 2018ರ ಜುಲೈನಲ್ಲಿ ಶೇ. 18ಕ್ಕೆ ಇಳಿದ ಮೇಲೆ ಬಿಲ್ಲು ತಪ್ಪಿಸುವ ಪ್ರಲೋಭನೆಗೆ ಇದ್ದ ನೆಪವೂ ಕ್ಷೀಣಿಸಿದೆ.

ಸಣ್ಣ ಘಟಕಗಳಿಗೆ ಮೈಸೂರಿನ ಪಾಠ

ರಾಜ್ಯದ ಬಣ್ಣದ ಉದ್ಯಮದಲ್ಲಿ ಈಗ ದೈತ್ಯರ ಪೈಪೋಟಿ ನಡೆದಿದೆ. ಏಷ್ಯನ್ ಪೇಂಟ್ಸ್ 2018ರಲ್ಲಿ ಮೈಸೂರು ಜಿಲ್ಲೆಯಲ್ಲಿ ಬೃಹತ್ ಕಾರ್ಖಾನೆ ಆರಂಭಿಸಿತು. 2019ರಲ್ಲಿ ಜೆಎಸ್‌ಡಬ್ಲ್ಯು ಸಮೂಹವೂ 2024ರಲ್ಲಿ ಬಿರ್ಲಾ ಓಪಸ್ ಹೆಸರಿನಲ್ಲಿ ಗ್ರಾಸಿಮ್ ಸಂಸ್ಥೆಯೂ ಈ ಕ್ಷೇತ್ರಕ್ಕೆ ಕಾಲಿಟ್ಟವು. ಗ್ರಾಸಿಮ್‌ನ ಆರು ಕಾರ್ಖಾನೆಗಳಲ್ಲಿ ಒಂದು ಚಾಮರಾಜನಗರದಲ್ಲಿದೆ. ಇಂತಹ ಸನ್ನಿವೇಶದಲ್ಲಿ ಪ್ರೈಮರ್, ಡಿಸ್ಟೆಂಪರ್, ಸಿಮೆಂಟ್ ಪೇಂಟ್, ಪುಟ್ಟಿ ತಯಾರಿಸುವ ಸಣ್ಣ ಘಟಕಗಳು ಬೆಲೆ ಇಳಿಸುವುದೊಂದೇ ದಾರಿಯೆಂದು ಭಾವಿಸಿವೆ. ಜಾಹೀರಾತಿಗಾಗಲಿ, ಬಣ್ಣ ಬೆರೆಸುವ ಯಂತ್ರಕ್ಕಾಗಲಿ, ಟೋಕನ್‌ಗಾಗಲಿ ಹಣವಿಲ್ಲದವರು ಬೆಲೆಯನ್ನು ಮತ್ತೆ ಮತ್ತೆ ಇಳಿಸಿದರೆ ಕೊನೆಗೆ ಕಡಿಮೆಯಾಗುವುದು ಬೈಂಡರ್. ಅದರೊಡನೆ ಇಡೀ ಸಣ್ಣ ಉದ್ದಿಮೆಯ ಹೆಸರೂ ಕೆಡುತ್ತದೆ.

ಬೇರೆ ದಾರಿಯೂ ಇದೆ ಎಂಬುದಕ್ಕೆ ಈ ನಾಡಿನಲ್ಲಿಯೇ ನಿದರ್ಶನವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಆರಂಭವಾದ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ ಗಾತ್ರದಲ್ಲಿ ದೊಡ್ಡದಲ್ಲ. 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಅದು ಪೂರೈಸುತ್ತ ಬಂದಿದೆ, ಅನೇಕ ವಿದೇಶಗಳಿಗೂ ಕಳುಹಿಸಿದೆ. ಆ ಶಾಯಿಯ ಸೂತ್ರ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಂಶೋಧನೆಯ ಫಲ. ಸರ್ಕಾರಿ ಸಂಸ್ಥೆಯಾದ್ದರಿಂದ ದೊರೆತ ಅನುಕೂಲವನ್ನು ಅಲ್ಲಗಳೆಯಲಾಗದು. ಆದರೆ ಅರವತ್ತು ವರ್ಷಕ್ಕೂ ಮಿಕ್ಕಿ ಬೇಡಿಕೆ ಉಳಿದಿರುವುದಕ್ಕೆ ಮುಖ್ಯ ಕಾರಣ ಬೇರೆ. ಆ ಸರಕಿನ ಭರವಸೆ ಒಂದೇ ವಾಕ್ಯದ್ದು: ಗುರುತು ಅಳಿಯದು. ಅದನ್ನು ಪ್ರತಿಯೊಬ್ಬ ಮತದಾರನೂ ತನ್ನ ಬೆರಳಿನ ಮೇಲೆಯೇ ಪರೀಕ್ಷಿಸಬಲ್ಲ. ಅಳೆಯಬಹುದಾದ ಭರವಸೆಯೊಂದನ್ನು ಕೊಟ್ಟು ಅದನ್ನು ಉಳಿಸಿಕೊಳ್ಳುವುದು ಸಣ್ಣ ತಯಾರಕನಿಗೂ ಸಾಧ್ಯ.

ಭಾರತೀಯ ಮಾನಕ ಬ್ಯೂರೋ ಈಗಾಗಲೇ ಅಳತೆಗೋಲುಗಳನ್ನು ಒದಗಿಸಿದೆ. ಪ್ಲಾಸ್ಟಿಕ್ ಎಮಲ್ಷನ್‌ಗೆ ಐಎಸ್ 15489, ತೊಳೆಯಬಹುದಾದ ಡಿಸ್ಟೆಂಪರಿಗೆ ಐಎಸ್ 428, ಸಿಮೆಂಟ್ ಪೇಂಟಿಗೆ ಐಎಸ್ 5410 ಮಾನಕಗಳಿವೆ. ಇವುಗಳಿಗೆ ಅನುಗುಣವಾಗಿ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಘನಾಂಶ, ಎರಡು ಕೋಟಿನ ವ್ಯಾಪ್ತಿ, ಸೀಸದ ಪ್ರಮಾಣ, ತಯಾರಿಕೆಯ ಬ್ಯಾಚ್ ಸಂಖ್ಯೆಗಳನ್ನು ಡಬ್ಬಿಯ ಮೇಲೆ ಕನ್ನಡದಲ್ಲಿ ಮುದ್ರಿಸುವ ಘಟಕವು ಜಾಹೀರಾತಿಗೆ ವ್ಯಯಿಸಬೇಕಾದ ಹಣವನ್ನು ಉಳಿಸಿಕೊಂಡು ವಿಶ್ವಾಸವನ್ನು ಗಳಿಸಬಲ್ಲದು.

ಮಾಡಬೇಕಾದುದೇನು?

ಗ್ರಾಹಕನಿಗೆ ಇಷ್ಟೆಲ್ಲ ವಿವರ ಬೇಕಿಲ್ಲ, ಪಕ್ಕದ ಅಂಗಡಿಯವನು ಲೀಟರಿಗೆ ಹತ್ತು ರೂಪಾಯಿ ಕಡಿಮೆ ಹೇಳಿದರೆ ಅಲ್ಲಿಗೆ ಹೋಗುತ್ತಾನೆ ಎಂಬ ವರ್ತಕರ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಒಬ್ಬನೇ ವರ್ತಕ ಬದಲಾದರೆ ಅವನಿಗೆ ನಷ್ಟವಾಗಬಹುದು. ಆದ್ದರಿಂದಲೇ ಇದು ವಾಣಿಜ್ಯ ಸಂಸ್ಥೆಗಳು ಸಾಮೂಹಿಕವಾಗಿ ಕೈಗೊಳ್ಳಬೇಕಾದ ಕಾರ್ಯ. ಮೂರು ಕ್ರಮಗಳನ್ನು ಹೆಚ್ಚಿನ ಬಂಡವಾಳವಿಲ್ಲದೆ ಆರಂಭಿಸಬಹುದು.

ಮೊದಲನೆಯದು, ಪ್ರತಿ ಅಂಗಡಿಯಲ್ಲಿ ಒಂದು ಫಲಕ. ತಾವು ಮಾರುವ ಪ್ರತಿ ದರ್ಜೆಯ ಬಣ್ಣಕ್ಕೆ ಎರಡು ಕೋಟಿನ ಖರ್ಚು ಚದರ ಅಡಿಗೆ ಎಷ್ಟು ಎಂಬುದನ್ನು ಅದರಲ್ಲಿ ಬರೆಯಬೇಕು. ಎರಡನೆಯದು, ಒಂದು ಮಾದರಿ ಅಂದಾಜುಪಟ್ಟಿ. ಗೋಡೆಯ ದುರಸ್ತಿ, ಪ್ರೈಮರ್, ಬಣ್ಣ, ಕೂಲಿ ಇವುಗಳನ್ನು ಬೇರೆ ಬೇರೆಯಾಗಿ ತೋರಿಸುವ, ನೀರು ಬೆರೆಸುವ ಪ್ರಮಾಣವನ್ನು ನಮೂದಿಸುವ ಈ ಪಟ್ಟಿಯನ್ನು ವಾಣಿಜ್ಯ ಸಂಸ್ಥೆಯೇ ಮುದ್ರಿಸಿ ಸದಸ್ಯರಿಗೆ ಹಂಚಬಹುದು.

ಮೂರನೆಯದು ಅತ್ಯಂತ ಮುಖ್ಯವಾದುದು: ಬಿಸಿಲು ಮಳೆಗೆ ಒಡ್ಡಿದ ಮಾದರಿ ಹಲಗೆಗಳು. ಮಹದೇವಪುರ ಅಥವಾ ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದ ಒಂದು ತಾರಸಿಯ ಮೇಲೆ, ಸ್ಥಳೀಯ ನೀರಿನಿಂದಲೇ ಗಾರೆ ಮಾಡಿದ ಹಲಗೆಗಳಿಗೆ ಮಾರುಕಟ್ಟೆಯಲ್ಲಿ ದೊರೆಯುವ ಬಣ್ಣಗಳನ್ನು ಒಂದೇ ಕ್ರಮದಲ್ಲಿ ಬಳಿದು ನಿಲ್ಲಿಸಬೇಕು. ಪ್ರತಿ ಮಳೆಗಾಲದ ನಂತರ ಬಣ್ಣ ಮಾಸಿದೆಯೇ, ಪುಡಿ ಏಳುತ್ತಿದೆಯೇ, ಪಾಚಿ ಕಟ್ಟಿದೆಯೇ ಎಂಬುದನ್ನು ದಾಖಲಿಸಿ ಸದಸ್ಯರಿಗೆ ತಿಳಿಸಬೇಕು. ಹಲಗೆಗಳಿಗೆ ತಗಲುವ ಖರ್ಚು ಅತ್ಯಲ್ಪ. ಅದರಿಂದ ದೊರೆಯುವ ಮಾಹಿತಿ ಈ ಊರಿನ ಗಾಳಿ, ನೀರು, ಧೂಳಿನದು. ಯಾವ ಕಂಪನಿಯ ಕರಪತ್ರದಲ್ಲಿಯೂ ದೊರೆಯದು. ಸಣ್ಣ ತಯಾರಕನ ಬಣ್ಣವು ದೊಡ್ಡ ಹೆಸರಿನ ಬಣ್ಣಕ್ಕೆ ಸರಿಸಮನಾಗಿ ನಿಂತರೆ ಆ ಹಲಗೆಯೇ ಅವನ ಜಾಹೀರಾತು. ನಿಲ್ಲದಿದ್ದರೆ ಎಲ್ಲಿ ಕೊರತೆಯಿದೆ ಎಂಬುದು ಗ್ರಾಹಕನ ದೂರಿಗಿಂತ ಮೊದಲೇ ಅವನಿಗೆ ತಿಳಿಯುತ್ತದೆ.

ಬಣ್ಣದ ವ್ಯಾಪಾರದಲ್ಲಿ ಗ್ರಾಹಕನು ನಾಲ್ಕೈದು ವರ್ಷಗಳ ನಂತರ ಮರಳಿ ಬರುತ್ತಾನೆ. ಅಷ್ಟು ಕಾಲ ಅವನ ಮನೆಯ ಗೋಡೆಯೇ ಅಂಗಡಿಯ ಪರವಾಗಿಯೋ ವಿರೋಧವಾಗಿಯೋ ಬೀದಿಗೆಲ್ಲ ಸಾಕ್ಷಿ ಹೇಳುತ್ತಿರುತ್ತದೆ. ಲೀಟರಿನ ಬೆಲೆಯಲ್ಲಿ ಹತ್ತು ರೂಪಾಯಿ ಇಳಿಸುವ ಪೈಪೋಟಿಯನ್ನು ಬಿಟ್ಟು, ಚದರ ಅಡಿಗೆ, ವರ್ಷಕ್ಕೆ ಎಷ್ಟು ಎಂಬ ಪ್ರಾಮಾಣಿಕ ಲೆಕ್ಕವನ್ನು ಮುಂದಿಡುವ ವರ್ತಕರು ಮತ್ತು ತಯಾರಕರು ಮಾತ್ರ ಬರಲಿರುವ ಸ್ಪರ್ಧೆಯಲ್ಲಿ ಉಳಿಯಬಲ್ಲರು. ಮುಂದಿನ ಮಳೆಗಾಲಕ್ಕೆ ಮುನ್ನ ಆ ಮಾದರಿ ಹಲಗೆಗಳನ್ನು ತಾರಸಿಗೆ ಏರಿಸುವ ಕೆಲಸ ಆರಂಭವಾಗಲಿ.